ಉಣ್ಣೆಗೆ ಎಣ್ಣೆ ಕುಡಿಸುವ ಸಾವಕ್ಕ

ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಎರಡು ಹರದಾರಿ ಇರುವಾಗ, ಎಡಕ್ಕೆ ಲಗಮಣ್ಣನವರ ಕಬ್ಬಿನ ತೋಟ ಸಿಗುತ್ತದೆ. ಮೇ ತಿಂಗಳ ನಸುಕು. ಎದುರಿಗೆ ನಿಂತವರ ಮುಖವೂ ಸರಿಯಾಗಿ ಕಾಣದ ಹೊತ್ತು. ತೋಟದ ಬಾವಿಯ ಆಳದಿಂದ ಒಂದು ಹೆಣ್ಣುದನಿ ಮೇಲೆ ಬರುತ್ತದೆ.

“ಹಗ್ಗ ಸಡ್ಲ ಬಿಡ್ರಿ ಲಗಮಣ್ಣಾರ! ಜಗ್ಗಬ್ಯಾಡ್ರಿ. ಜಗ್ಗಿದ್ರ ಎಣ್ಣಿ ಒಡದು ದಿಕ್ಕಾಪಾಲ ಆಗತೈತಿ.”

ಬಾವಿಯ ದಂಡೆಗೆ ಎದೆ ಆನಿಸಿ, ಕೈಯಲ್ಲಿದ್ದ ಬ್ಯಾಟರಿ ಹಚ್ಚಿ ಬಗ್ಗಿ ನೋಡುತ್ತೇನೆ. ಗೋಡೆಯಿಂದ ಚಾಚಿಕೊಂಡ ಕಲ್ಲಿನ ಮೆಟ್ಟಿಲುಗಳಲ್ಲಿ ಕಟ್ಟಕಡೆಯದರ ಮೇಲೆ ಕಚ್ಚೆ ಹಾಕಿದ ಸೀರೆಯ ಒಬ್ಬ ಹೆಂಗಸು ಕುಳಿತಿದ್ದಾರೆ. ಅವರ ಮುಂದೆ ಗೋಡೆಯಿಂದ ಗೋಡೆಗೆ ಹರಡಿಕೊಂಡಿರುವುದು ಕಪ್ಪು ಎಣ್ಣೆ. ನೀರು ಅದರ ಕೆಳಗೆಲ್ಲೋ ಅಡಗಿದೆ. ಕೈಯಲ್ಲಿ ಮೀನಿನ ಬಲೆಯಿಂದ ಹೊಲಿದ ಚೀಲ, ಚೀಲದ ತುಂಬ ಕುರಿಯ ಉಣ್ಣೆ. ಅದನ್ನು ಅವರು ಕೂಸನ್ನು ಮಲಗಿಸಿದ ಹಾಗೆ ಎಣ್ಣೆಯ ಮೇಲೆ ಮೆಲ್ಲಗೆ ಇಡುತ್ತಾರೆ. ಬೂದು ಉಣ್ಣೆ ನೋಡನೋಡುತ್ತ ಕಪ್ಪಾಗುತ್ತದೆ. ಚೀಲದ ಸುತ್ತ ಒಂದು ಗಂಗಾಳದಷ್ಟು ಅಗಲ ನೀರು ತಿಳಿಯಾಗಿ ಕಾಣಿಸಿಕೊಳ್ಳುತ್ತದೆ.

ಚೀಲ ಮೇಲೆತ್ತಿ ಡಬ್ಬಿಗೆ ಹಿಂಡುತ್ತಾರೆ. ಬರುವುದು ಎಣ್ಣೆ, ಬರೀ ಎಣ್ಣೆ. ಉಣ್ಣೆ ನೀರನ್ನು ಮುಟ್ಟಿಯೂ ಇಲ್ಲ. ಬಾವಿಯಲ್ಲಿ ಚೆಲ್ಲಿದ ಎಣ್ಣೆಯನ್ನು ಹೀಗೆ ಹೆಕ್ಕಿ ತೆಗೆಯಬಹುದೆಂದು ಬೇರೆ ಯಾರಾದರೂ ಹೇಳಿದ್ದರೆ ಬಾಯಿಮಾತಿಗೆ ಹೌದೆಂದು, ಮನಸ್ಸಿನಲ್ಲಿ ನಕ್ಕು ಸುಮ್ಮನಾಗುತ್ತಿದ್ದೆ.

ಇವರು ಏಕಸಂಬಿಯ ಸಾವಕ್ಕ. ಐವತ್ತು ದಾಟಿದ ವಯಸ್ಸು. ಊರ ಹೊರಗೆ ತುಂಡು ಹೊಲ, ಒಂದು ಹಿಂಡು ಕುರಿ. ಗಂಡ ಹಾಲಸಿದ್ದ ವರ್ಷದ ಬಹುಪಾಲು ಕುರಿಗಳ ಹಿಂದೆಯೇ ಇರುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಯಾರ ಬಾವಿಗೆ ಸುಟ್ಟ ಆಯಿಲ್ ಬಿದ್ದರೂ ಈಗ ಮೊದಲು ನೆನಪಾಗುವ ಹೆಸರು ಸಾವಕ್ಕನದು. ಪತ್ರಿಕೆಯಲ್ಲಿ ಮಾತ್ರ ಆ ಹೆಸರು ಈ ತೊಂಬತ್ತಮೂರನೆಯ ಇಸವಿಯವರೆಗೆ ಎಲ್ಲೂ ಬಂದಿಲ್ಲ.

ಬಾವಿಗೆ ಆಯಿಲ್ ಬೀಳುವುದಾದರೂ ಹೇಗೆ? ಈ ಕಡೆಯ ಬಾವಿಗಳು ಆಳ. ಡೀಸೆಲ್ ಇಂಜಿನ್ನನ್ನು ಮೇಲೆ ಇಟ್ಟರೆ ನೀರು ಏರುವುದಿಲ್ಲ. ಆದ್ದರಿಂದ ಬಾವಿಯೊಳಗೆ, ಅರ್ಧಕ್ಕೆ ಒಂದು ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸುತ್ತಾರೆ. ಆಯಿಲ್ ಬದಲಿಸುವುದೂ ಅಲ್ಲೇ. ತುಂಬಿದ ಡಬ್ಬಿ ಹಿಡಿದು ಆ ಮೆಟ್ಟಿಲು ಹತ್ತುವುದೆಂದರೆ ಜೀವ ಅಂಗೈಯಲ್ಲಿ. ಕೆಲವರು ಬೇಸತ್ತು ಅಲ್ಲೇ ಚೆಲ್ಲಿಬಿಡುತ್ತಾರೆ. ಲಗಮಣ್ಣ ಅಂಥವರಲ್ಲ, ಆದರೆ ನಿನ್ನೆ ಅವರ ಕಾಲು ತಾಗಿ ಡಬ್ಬಿ ಉರುಳಿತು. ಬೇಸಿಗೆಯಲ್ಲಿ ನೀರು ತಳ ಸೇರಿರುವುದರಿಂದ ಇಂಜಿನ್ ಹಚ್ಚಿದರೆ ಎಣ್ಣೆಯನ್ನೂ ಎಳೆಯುತ್ತದೆ, ಕೊಡ ಇಳಿಬಿಟ್ಟರೆ ಕೊಡವೇ ಕಪ್ಪಾಗುತ್ತದೆ.

ಇವತ್ತಿನ ಅವಸರಕ್ಕೆ ಇನ್ನೊಂದು ಕಾರಣವಿದೆ. ಸಾವಕ್ಕನವರ ಹಿಂಡು ರಾಯಬಾಗ ಕಡೆಯಿಂದ ಹೊರಟಾಗಿದೆ, ಸಂಜೆಗೆ ಇಲ್ಲಿರುತ್ತದೆ. ದಾರಿಯಲ್ಲಿ ಕುರಿಗಾರರನ್ನು ಮನಸಾರೆ ಬರಮಾಡಿಕೊಳ್ಳುವ ಬಾವಿ ಇದೊಂದೇ. ಹೊಳೆ ಇನ್ನೂ ದೂರ, ಹಿಂಡಿನಲ್ಲಿ ಎಳೆ ಮರಿಗಳಿವೆ.

“ಎಣ್ಣಿ ವಾಸ್ನಿ ಬಂದ್ರ ಕುರಿ ಬಾಯಿ ಹಚ್ಚಂಗಿಲ್ರಿ ಸಾಹೇಬ್ರ. ನೀರಡಿಸಿ ಬಿದ್ದಾವು, ಆ ನೀರ ಮಾತ್ರ ಕುಡಿಯಂಗಿಲ್ಲ. ದೊಡ್ಡವು ಹೊಳಿತನಾ ನಡದಾವು. ಮರಿ ನಡಿಯಂಗಿಲ್ಲ,” ಎನ್ನುತ್ತಾರೆ ಸಾವಕ್ಕ, ಇನ್ನೊಂದು ಚೀಲಕ್ಕೆ ಉಣ್ಣೆ ತುಂಬುತ್ತ.

ನಸುಕಿನಲ್ಲೇ ಏಕೆ ಇಳಿಯಬೇಕು ಎಂದು ಕೇಳುತ್ತೇನೆ. ತಂಪಿಗೆ ಎಣ್ಣೆ ದಪ್ಪಗೆ ಒಂದೇ ಪದರವಾಗಿ ನಿಲ್ಲುತ್ತದಂತೆ. ಗಾಳಿ ಎದ್ದರೆ, ಯಾರಾದರೂ ಕೊಡ ಇಳಿಸಿದರೆ, ಒಡೆದು ಗೋಡೆ ಹಿಡಿಯುತ್ತದಂತೆ. ಮೊದಲು ಅಂಚಿನದನ್ನು ಹೀರಿಸಿ, ಉಳಿದದ್ದನ್ನು ನಡುವೆ ಕೂಡಿಸಿ ತೆಗೆಯುತ್ತಾರೆ. ಚೀಲಕ್ಕೆ ಕಟ್ಟಿದ ಹಗ್ಗ ಮೇಲೆ ನಿಂತ ಲಗಮಣ್ಣನವರ ಕೈಯಲ್ಲಿ. ಆಚೆ ಗೋಡೆಯವರೆಗೆ ಚೀಲ ಸಾಗಿಸುವುದು ಅವರ ಕೆಲಸ. ಎಷ್ಟೋ ಎಕರೆ ಕಬ್ಬಿನ ಒಡೆಯ, ಕೆಳಗಿಂದ ಬರುವ ಹುಕುಮಿಗೆ “ಹೂಂರಿ, ಹೂಂರಿ” ಎನ್ನುತ್ತ ನಿಂತಿರುವುದು ನೋಡಲು ಚೆಂದ.

ಈ ವಿದ್ಯೆ ಕೈಗೆ ಬಂದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಅಥಣಿ ತಾಲೂಕಿನ ಅನಂತಪುರದ ಹತ್ತಿರ ಹಿಂಡು ಇಳಿದಿತ್ತು. ಒಂದು ಮರಿ ಬಾವಿಗೆ ಬಿತ್ತು. ಹಾಲಸಿದ್ದ ಹೊದ್ದ ಕಂಬಳಿ ಸಮೇತ ಹಾರಿದರು. ಮರಿ ಬದುಕಿತು. ಕಂಬಳಿ ಮಾತ್ರ ಕೀಲೆಣ್ಣೆಯಲ್ಲಿ ಅದ್ದಿ ತೆಗೆದಂತಾಗಿತ್ತು.

“ನನ್ನ ಕೈಲೆ ನೂತ ಉಣ್ಣೀದ ಕಂಬಳಿರಿ ಅದು. ಸಿಟ್ಟ ಬಂದು ಅವರ್ನ ಬಾಯಿಗೆ ಬಂದಂಗ ಬೈದ್ನಿ. ಬೈಕೋತನ ಹಿಂಡಿದ್ನಿ. ಹಿಂಡಿದ್ರ ನೀರ ಬರಬೇಕಲ್ರಿ? ಎಣ್ಣಿ ಬಂತು. ಬೈಯೂದ ಅಲ್ಲೇ ನಿಂತ್ತು.”

ಮರುದಿನವೇ ಪ್ರಯೋಗಕ್ಕೆ ಇಳಿದರು, ಇಳಿದು ಸೋತರು. ಕುಡಿಯುವ ನೀರಿಗೆ ಕೊಳಕು ಉಣ್ಣೆ ಹಾಕುವುದುಂಟೇ ಎಂದು ಅಂಟವಾಳಕಾಯಿ ನೊರೆಯಲ್ಲಿ ಚೆನ್ನಾಗಿ ತಿಕ್ಕಿ ತೊಳೆದು, ಒಣಗಿಸಿ, ಮಡಿಯಿಂದ ಬಾವಿಗಿಳಿಸಿದರು. ಅದು ಹೊಟ್ಟೆ ತುಂಬ ನೀರು ಕುಡಿದು ತಳಕ್ಕೆ ಹೋಯಿತು. ಅದನ್ನು ಹೇಳುವಾಗ ಸಾವಕ್ಕನವರಿಗೆ ಈಗಲೂ ನಗು ತಡೆಯುವುದಿಲ್ಲ. “ತೊಳದದ್ದ ತಪ್ಪಾತ್ರಿ. ಕುರಿ ಮೈಯಾಗಿನ ಜಿಡ್ಡ ಉಣ್ಯಾಗ ಇರಬೇಕು. ಆ ಜಿಡ್ಡ ಎಣ್ಣೀನ ಕರಕೋತೈತಿ, ನೀರ ದೂರ ನಿಂದರಸತೈತಿ.” ಈಗ ಅವರು ಬಳಸುವುದು ಕುರಿಯ ಹೊಟ್ಟೆ, ಕಾಲುಗಳ ಗಿಡ್ಡ ಉಣ್ಣೆ. ಕಂಬಳಿಗೆ ಬಾರದೆ ಎಸೆಯುವಂಥದ್ದು. ಹಿಕ್ಕೆ, ಮುಳ್ಳುಗಳನ್ನು ಕೈಯಿಂದ ಆರಿಸುತ್ತಾರೆ, ಸೋಪು ಮುಟ್ಟಿಸುವುದಿಲ್ಲ.

ಹೊರಗಿನವರು ಹೊಗಳಿದರೂ ಒಳಗಿನವರು ಮೆಚ್ಚಲಿಲ್ಲ. ಕುರಿಗಾರ ಸಮಾಜದ ಹಿರಿಯ ಜಕ್ಕಪ್ಪ ಕಟ್ಟೆಯ ಮೇಲೆ ನಾಲ್ಕು ಜನರೆದುರು ಕೇಳಿದರು: “ದೇವರ ಗದ್ದಿಗಿಗೆ ಹಾಸೂದು ಇದ ಉಣ್ಣಿ. ಅದನ್ನ ಒಯ್ದು ಹೊಲಸಿನ್ಯಾಗ ಅದ್ದತಿಯೇನ ಬೇ?” ಸಾವಕ್ಕ ತಲೆಯ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟರಂತೆ: “ಕುರಿ ನೀರಿಲ್ಲದ ನಿಂತಾವ್ರಿ ಮಾಮಾ. ಅವುರ ಮೈಯಾನ ಉಣ್ಣಿ ಅವುಕ್ಕ ನೀರ ಬಿಡಸಿಕೊಟ್ರ ದೇವರು ಸಿಟ್ಟಾಗ್ತಾನೇನ್ರಿ?” ಆ ವರ್ಷ ಉಣ್ಣೆ ಕತ್ತರಿಸುವ ಕೂಟಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಗಂಡ ಹೆಂಡತಿ ಇಬ್ಬರೇ ಕೂತು ತಮ್ಮ ಕುರಿಗಳ ಉಣ್ಣೆ ಕತ್ತರಿಸಿದರು. ಜಕ್ಕಪ್ಪ ಇವತ್ತಿಗೂ ಒಪ್ಪಿಲ್ಲ. ಎದುರು ಸಿಕ್ಕರೆ ಮರಿಗಳ ಆರೋಗ್ಯ ವಿಚಾರಿಸುತ್ತಾರೆ, ಬಾವಿಯ ಮಾತು ತೆಗೆಯುವುದಿಲ್ಲ.

ತೆಗೆದ ಎಣ್ಣೆ ಎಲ್ಲಿ ಹೋಗುತ್ತದೆ? ಇದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಬಾವಿಯಿಂದ ತೆಗೆದು ಹಳ್ಳಕ್ಕೆ ಸುರಿದರೆ ಕೇಳುವವರಿಲ್ಲ. ಸಾವಕ್ಕ ಸುರಿಯುವುದಿಲ್ಲ. ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಮುಚ್ಚಳ ಬಿಗಿದ ಬ್ಯಾರಲ್‌ಗಳಿವೆ. ಹಳೆ ಆಯಿಲ್ ಶುದ್ಧಮಾಡುವ ಕಾರ್ಖಾನೆಯೊಂದರ ಲಾರಿ ಕೊಲ್ಲಾಪುರ ಕಡೆಯಿಂದ ಬಂದು ಒಯ್ಯುತ್ತದೆ. ಸವೆದುಹೋದ ಉಣ್ಣೆ ಇಟ್ಟಂಗಿ ಭಟ್ಟಿಯ ಬೆಂಕಿಗೆ. ಎಮ್ಮೆಯ ತುರಿಕೆಗೆ ಹಚ್ಚಲು ಒಂದು ಬಾಟಲಿ ಕೊಡಿ ಎಂದು ಬರುವವರಿದ್ದಾರೆ. “ಎಮ್ಮಿ ಮೈ ನೆಕ್ಕೋತೈತಿ, ಹೊಟ್ಟಿಗೆ ಹೋಗತೈತಿ” ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ಬಟ್ಟೆಯಲ್ಲಿ ಸೋಸಿ ಹೊಸ ಡಬ್ಬಿಗೆ ತುಂಬಿ ಹೊಸ ಆಯಿಲ್ ಎಂದು ಮಾರುವ ಚಾಲಾಕಿ ಒಬ್ಬ ನಿಪ್ಪಾಣಿಯಿಂದ ಬಂದಿದ್ದನಂತೆ. ಅವನಿಗೆ ಚಹಾ ಕುಡಿಸಿದರು, ಎಣ್ಣೆ ಕೊಡಲಿಲ್ಲ.

ಅವರಿಗೂ ಸೋಲು ಇದೆ, ಅದನ್ನು ಅವರೇ ಹೇಳುತ್ತಾರೆ. ಈಚೆಗೆ ಲಾರಿಗಳ ರೇಡಿಯೇಟರ್‌ಗೆ ಹಾಕುವ ಹಸಿರು ಕೂಲಂಟ್ ಬಂದಿದೆ. “ಅದು ನೀರಿನ್ಯಾಗ ನೀರಾಗಿ ಕೂಡತೈತ್ರಿ, ಉಣ್ಣಿಗೆ ಸಿಗಂಗಿಲ್ಲ. ರುಚಿ ಬ್ಯಾರೆ ಸೀ ಐತಿ. ನಮ್ಮ ನಾಯಿ ನೆಕ್ಕಿ ಸತ್ತ ಹೋತು.” ಅಂದಿನಿಂದ ಸಂತೆಗೆ ಹೋದಾಗಲೆಲ್ಲ ನಿಪ್ಪಾಣಿಯ ಹೆದ್ದಾರಿ ಪಕ್ಕದ ಗ್ಯಾರೇಜುಗಳ ಮುಂದೆ ನಿಂತು, ಅದನ್ನು ನೆಲಕ್ಕೆ ಬಿಡಬೇಡಿ, ಮುಚ್ಚಿದ ಡಬ್ಬಿಯಲ್ಲಿಡಿ ಎಂದು ಬೇಡಿಕೊಳ್ಳುತ್ತಾರೆ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ನನ್ನ ಮೋಟಾರ್ ಸೈಕಲ್ಲಿನ ಕೆಳಗೂ ಈಗ ಒಂದು ಹಿಡಿ ಉಣ್ಣೆ ಕೂತಿದೆ. ಆಯಿಲ್ ತೊಟ್ಟಿಕ್ಕುವುದನ್ನು ಸಾವಕ್ಕ ಬಾವಿಯಿಂದ ಮೇಲೆ ಬಂದ ಕೂಡಲೇ ನೋಡಿದ್ದರು, ನಾನು ನೋಡಿರಲಿಲ್ಲ!

ಹೊತ್ತೇರುವಷ್ಟರಲ್ಲಿ ಬಾವಿ ತಿಳಿಯಾಗಿದೆ. ಲಗಮಣ್ಣನವರ ತಾಯಿ ಕೆಂಚವ್ವ ರೊಟ್ಟಿ, ಝುಣಕ ತಂದಿದ್ದಾರೆ. ನಾವೆಲ್ಲ ಮುಗಿಯಿತೆಂದುಕೊಳ್ಳುತ್ತೇವೆ. ಸಾವಕ್ಕ ಮಾತ್ರ ತುತ್ತು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಆಕಾಶ ನೋಡುತ್ತಾರೆ. ಸೂರ್ಯ ನೆತ್ತಿಗೆ ಬಂದಾಗಷ್ಟೇ ಬಿಸಿಲು ಬಾವಿಯ ನೀರಿಗೆ ಮುಟ್ಟುತ್ತದೆ. ಮುಟ್ಟಿದ ಗಳಿಗೆಗೆ ಎಲ್ಲರೂ ಬಗ್ಗುತ್ತೇವೆ. ಇಂಜಿನ್ ಕಟ್ಟೆಯ ಬುಡದಿಂದ ಏಳು ಬಣ್ಣದ ಒಂದು ತೆಳು ಪೊರೆ ನಿಧಾನ ಹೊರಗೆ ಹರಿದು ಬರುತ್ತಿದೆ.

ಲಗಮಣ್ಣ ದಂಡೆಯ ಮೇಲೆಯೇ ಕುಸಿದು ಕೂರುತ್ತಾರೆ. “ಮುಗೀತ್ರಿ. ಇನ್ನ ಸಂಜಿಕ ಹಿಂಡ ಬಂದ್ರ ಯಾವ ಮಾರಿ ತೋರಸ್ಲಿ?”

“ಕಲ್ಲಿನ ಸಂದ್ಯಾಗ ಕುಂತೈತಿ ಅದು,” ಎನ್ನುತ್ತಾರೆ ಸಾವಕ್ಕ. ಊಟ ಅಲ್ಲಿಗೇ ಬಿಟ್ಟು ಸೆರಗು ಬಿಗಿದು ಇಳಿಯುತ್ತಾರೆ. ಈ ಸಲ ಮೆಟ್ಟಿಲ ಮೇಲಲ್ಲ, ಎದೆಮಟ್ಟದ ನೀರಿನಲ್ಲಿ. ಒಂದು ಕೈಯಲ್ಲಿ ಕಟ್ಟೆಯ ಕಲ್ಲು ಹಿಡಿದು, ಇನ್ನೊಂದರಿಂದ ಸಂದು ಸಂದಿಗೆ ಉಣ್ಣೆ ತುರುಕುತ್ತಾರೆ, ಕೀಳುತ್ತಾರೆ, ಹಿಂಡುತ್ತಾರೆ. ಅಷ್ಟು ಹೊತ್ತು ನೀರಿನಲ್ಲಿ ನಿಂತ ಆ ಜೀವವನ್ನು ನೋಡುತ್ತ ನನ್ನ ಕಣ್ಣು ಒದ್ದೆಯಾದದ್ದು ನಿಜ. ಬಿಸಿಲು ಬಾವಿ ಬಿಟ್ಟು ಎಷ್ಟೋ ಹೊತ್ತಿನ ಮೇಲೆ ಹತ್ತಿ ಬರುತ್ತಾರೆ, ಬೆರಳುಗಳೆಲ್ಲ ಬೆಳ್ಳಗೆ ಸುಕ್ಕಾಗಿವೆ.

ಸಂಜೆ ಧೂಳು ಮೊದಲು ಕಾಣುತ್ತದೆ, ಆಮೇಲೆ ಹಿಂಡು. ಹಾಲಸಿದ್ದರ ಹೆಗಲ ಮೇಲೆ ಒಂದು ಮರಿ, ಕಂಕುಳಲ್ಲಿ ಇನ್ನೊಂದು. ಲಗಮಣ್ಣ ರಾಟೆ ಎಳೆದು, ದನ ಕುರಿ ನೀರು ಕುಡಿಯುವ ಕಲ್ಲಿನ ದೋಣಿ ತುಂಬಿಸಿದ್ದಾರೆ. ಮುಂದಾಳು ಕುರಿ ದೋಣಿಯ ಹತ್ತಿರ ಬಂದು ಮೂಗು ಚಾಚುತ್ತದೆ, ಹಿಂದೆ ಸರಿಯುತ್ತದೆ. ಕೆಂಚವ್ವ ಸೆರಗನ್ನು ಬಾಯಿಗೆ ಹಿಡಿಯುತ್ತಾರೆ. ಕುರಿ ಒಮ್ಮೆ ಸೀನಿ, ಮತ್ತೆ ಬಗ್ಗಿ, ಬಾಯಿ ಹಚ್ಚುತ್ತದೆ. ಹಚ್ಚಿದ ಬಾಯಿ ತೆಗೆಯುವುದಿಲ್ಲ. ಉಳಿದವೆಲ್ಲ ಒಂದರ ಮೇಲೊಂದು ನುಗ್ಗುತ್ತವೆ.

“ಕುಡದುವು ಬೇ ಸಾವಕ್ಕಾ, ಕುಡದುವು!” ಕೆಂಚವ್ವ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ. ಹಾಲಸಿದ್ದ ಮರಿಗಳನ್ನು ಕೆಳಗಿಳಿಸಿ ಹೆಂಡತಿಯ ಮುಖ ನೋಡುತ್ತಾರೆ.

ಲಗಮಣ್ಣ ಎರಡೂ ಕೈ ಜೋಡಿಸುತ್ತಾರೆ. “ಇನ್ನೊಮ್ಮಿ ಹಿಂಗ ಏನರ ಆದ್ರ ಮೊದಲ ನಿಮಗ ಹೇಳಿ ಕಳಸ್ತೀನ್ರಿ ಸಾವಕ್ಕಾರ.”

ಸಾವಕ್ಕ ಚೀಲಗಳನ್ನು ಗಂಟು ಕಟ್ಟುತ್ತಿದ್ದವರು ತಲೆ ಎತ್ತುತ್ತಾರೆ.

“ಆದ ಮ್ಯಾಲ ಬ್ಯಾಡ್ರಿ ಅಣ್ಣಾರ. ಆಯಿಲ್ ಬದಲಿ ಮಾಡೂ ದಿನಾನ ಹೇಳಿ ಕಳಸ್ರಿ. ಡಬ್ಬಿ ಹಿಡಕೊಂಡ ನಾನ ನಿಂದರತೀನಿ.”