ಜಾಗ್ವಾರ್‌ನ ಬಣ್ಣ

ವಿಮಾನವನ್ನು ಬಣ್ಣದಿಂದ ಗುರುತಿಸಬಾರದು. ಇದು ನಾನೇ ಮಾಡಿಕೊಂಡ ನಿಯಮ. ಬಿಸಿಲಿಗೆ ಬಣ್ಣ ಬದಲಾಗುತ್ತದೆ, ಮೋಡಕ್ಕೂ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ. ಮಿಗ್-21 ಆದರೆ ಮೂಗಿನ ತುದಿಯೇ ತೆರೆದ ಬಾಯಿ, ರೆಕ್ಕೆ ತ್ರಿಕೋನ. ಜಾಗ್ವಾರ್ ಆದರೆ ರೆಕ್ಕೆ ಬೆನ್ನಿನ ಮೇಲಿರುತ್ತದೆ. ತೀರಾ ಕೆಳಗೆ ಹಾರುತ್ತದೆ, ಸದ್ದು ಆಮೇಲೆ ಬರುತ್ತದೆ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ನಮ್ಮೂರು ಮೊರಬದ ಕಿರಾಣಿ ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ರದ್ದಿ ಹಾಳೆಯಲ್ಲಿ ಒಮ್ಮೆ ವಿಮಾನಗಳ ಕಪ್ಪು ನೆರಳಿನ ಚಿತ್ರಗಳಿದ್ದವು. ಅಂಟು ಒರೆಸಿ ನೋಟ್‌ಬುಕ್ಕಿನಲ್ಲಿಟ್ಟೆ. ಅಲ್ಲಿಂದ ಶುರು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮೇಲೇರಿದರೆ ಸುತ್ತ ಬರೀ ಎರೆಹೊಲ, ಅಡ್ಡ ಒಂದು ಗುಡ್ಡವಿಲ್ಲ. ವಾಯವ್ಯದಿಂದ ಬಂದದ್ದು ಪುಣೆಯ ನೆಲೆಯದು, ಈಶಾನ್ಯದಿಂದ ಬಂದದ್ದು ಬೀದರಿನ ತರಬೇತಿ ವಿಮಾನ ಎಂದು ನನ್ನ ಅಂದಾಜು. ದಿಕ್ಕು, ಹೊತ್ತು, ಆಕಾರ, ಕೊನೆಗೆ ಬಣ್ಣವನ್ನೂ ಬರೆದುಕೊಳ್ಳುತ್ತಿದ್ದೆ. ಆಚೆ ಮನೆಯ ಗೆಳೆಯ ನೋಟ್‌ಬುಕ್ ನೋಡಿ ಕೇಳಿದ್ದ:

‘ಎಲ್ಲಾದಕ್ಕೂ ಮಣ್ಣಿನ ಬಣ್ಣಾ ಅಂತ ಬರದೀಯಲ್ಲೋ. ನಿನ್ನೆ ಬಂದದ್ದು ಹಸರ ಇತ್ತಲೇ.’

‘ಬಣ್ಣಾ ನೋಡಾವ್ರು ಹೊಸಬ್ರು. ರೆಕ್ಕಿ ನೋಡಬೇಕು.’

‘ಆತ್ರೀ ಪೈಲಟ್ ಸಾಹೇಬ್ರ.’

ಪೈಲಟ್ ಆಗುವ ಆಸೆ ನನಗಿರಲಿಲ್ಲ. ಅದಕ್ಕೆ ಇಂಗ್ಲಿಷ್ ಬೇಕು. ನೆಲದ ಮೇಲೆ ನಿಂತು ಆ ಯಂತ್ರಗಳನ್ನು ಮುಟ್ಟಿ ರಿಪೇರಿ ಮಾಡುವ ನೌಕರಿ ಸಾಕಿತ್ತು. ಅದೊಂದೇ ಬೇಕಿತ್ತು. ಹಾಗಾಗಿ ಪಿಯುಸಿ ಮುಗಿದೊಡನೆ ವಾಯುಪಡೆಗೆ ಅರ್ಜಿ ಹಾಕಿದೆ.

ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಕುಪ್ಪಸದ ತುಂಡುಗಳನ್ನು ಜೋಡಿಸಿ, ಓಣಿಯವರಿಗೂ ಹೊಲಿದು ಕೊಡುತ್ತಿದ್ದಳು. ಸಣ್ಣವನಿದ್ದಾಗಿನಿಂದ ತುಂಡು ಎತ್ತಿಕೊಡುವುದು ನನ್ನ ಕೆಲಸ. ‘ಕೆಂಪು ಕೊಡು’ ಅಂದರೆ ಮೂಲೆಗೆ ಗಂಟು ಹಾಕಿದ ತುಂಡು, ‘ಹಸರು ಕೊಡು’ ಅಂದರೆ ಗಂಟಿಲ್ಲದ್ದು. ಅವಳು ಗಂಟು ಬಿಚ್ಚಿ ಹೊಲಿಯುತ್ತಿದ್ದಳು. ಕೌದಿ ಹೊಲಿಯುವುದೇ ಹೀಗೆ ಅಂದುಕೊಂಡಿದ್ದೆ. ಒಮ್ಮೆ ಪಕ್ಕದ ಮನೆಯಲ್ಲಿ ದೊಡ್ಡವ್ವ ಹೊಲಿಯುವಾಗ, ‘ಕೆಂಪು ತುಂಡಿಗೆ ಗಂಟ ಹಾಕಿಲ್ಲಲ್ಲ ದೊಡ್ಡವ್ವಾ’ ಅಂದಿದ್ದೆ. ಅವಳು ನಕ್ಕಳು. ‘ಗಂಟ್ಯಾಕೋ ಮಬ್ಬ, ಕಣ್ಣಿಲ್ಲೇನು?’ ನಾನೂ ನಕ್ಕೆ.

ಬೆಳಗಾವಿಯ ಭರ್ತಿ ಶಿಬಿರದಲ್ಲಿ ಬರೆಯುವ ಪರೀಕ್ಷೆ ಪಾಸಾಯಿತು. ಓಡಿದ್ದೂ ಪಾಸಾಯಿತು. ದೂರದ ಸಣ್ಣ ಅಕ್ಷರಗಳನ್ನು ಒಂದೂ ಬಿಡದೆ ಓದಿದೆ. ಆಮೇಲೆ ಡಾಕ್ಟರು ಒಂದು ದಪ್ಪ ಪುಸ್ತಕ ತೆರೆದರು. ಹಾಳೆಯ ತುಂಬ ಚುಕ್ಕೆಗಳು. ಪಕ್ಕದಲ್ಲಿದ್ದ ಸಹಾಯಕ ನಮ್ಮ ಕಡೆಯವನೇ.

‘ಏನ ಐತಿ, ಓದು.’

‘ಚುಕ್ಕಿ ಅದಾವ್ರಿ.’

‘ಚುಕ್ಕಿ ನನಗೂ ಕಾಣ್ತಾವಪಾ. ಒಳಗ ಅಂಕಿ ಐತಲಾ, ಅದನ್ನ ಓದು.’

‘ಎಲ್ಲಿ ಐತ್ರಿ?’

ಹಾಳೆ ತಿರುವಿದರು. ಮತ್ತೆ ತಿರುವಿದರು. ಡಾಕ್ಟರು ನನ್ನ ಕಾಗದದ ಮೇಲೆ ಏನೋ ಬರೆದರು.

‘ಮುಂದಿನ ಸಲಾ ಬರ್ಲೇನ್ರಿ?’ ಅಂದೆ.

‘ಬ್ಯಾಡ ತಮ್ಮಾ,’ ಅಂದ ಸಹಾಯಕ. ‘ನಿನಗ ಕೆಂಪು-ಹಸರು ಬ್ಯಾರೆ ಮಾಡಾಕ ಬರೂದಿಲ್ಲ. ಹುಟ್ಟಾ ಬಂದದ್ದು. ಔಷಧ ಇಲ್ಲ. ಊರಿಗೆ ಹೋಗು.’

ಹೋದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆ. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಅಳು ಬರಬಹುದು ಅಂದುಕೊಂಡೆ, ಬರಲಿಲ್ಲ. ಹಸಿವೂ ಆಗಲಿಲ್ಲ. ಮುಂದಿನ ಸೀಟಿನವಳ ಸೀರೆ ಯಾವ ಬಣ್ಣದ್ದಿರಬಹುದು ಎಂದು ಊರು ಬರುವತನಕ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತಿದ್ದಳು. ನಾನು ತುಂಡುಗಳ ಚೀಲ ಬಿಚ್ಚಿ ಕೂತು, ಮೂಲೆಗೆ ಗಂಟಿದ್ದ ತುಂಡೊಂದನ್ನು ಎತ್ತಿಕೊಂಡೆ.

‘ಇದಕ್ಕ ಗಂಟ ಯಾಕ ಹಾಕ್ತಿ ಅವ್ವಾ?’

ಸೂಜಿ ನಿಲ್ಲಲಿಲ್ಲ. ‘ನೀ ಸಣ್ಣಾವಿದ್ದಾಗ ಕೆಂಪು ಕೇಳಿದ್ರ ಹಸರು ಕೊಡ್ತಿದ್ದಿ. ಗಂಟ ಹಾಕಿದ ಮ್ಯಾಲೆ ತಪ್ಪಲಿಲ್ಲ.’

‘ನನಗ ಹೇಳಲಿಲ್ಲಲ್ಲ.’

‘ಏನಂತ ಹೇಳ್ಲಿ? ಗಂಟ ಹಾಕಿದ್ರ ಮುಗೀತಿತ್ತಲ್ಲ.’

ಆಗ ಮಾಳಿಗೆ ಅದುರಿತು. ತೊಲೆಯ ಸಂದಿಯಿಂದ ಮಣ್ಣು ಉದುರಿ ಕೌದಿಯ ಮೇಲೆ ಬಿತ್ತು. ಮೊದಲಾದರೆ ನಾನು ಅಷ್ಟರಲ್ಲಿ ಏಣಿಯ ಮೇಲಿರುತ್ತಿದ್ದೆ. ಅವ್ವ ಕೈ ತಡೆದು ನನ್ನ ಕಡೆ ನೋಡಿದಳು.

‘ಮ್ಯಾಲೆ ಹೋಗೂದಿಲ್ಲೇನು? ಯಾವುದದು?’

‘ಜಾಗ್ವಾರ್. ಎರಡು.’

ಮಣ್ಣು ಕೊಡವಿ ಅವಳು ಕೈ ಚಾಚಿದಳು. ‘ಕೆಂಪು ಕೊಡು.’

ಗಂಟಿದ್ದದ್ದನ್ನು ಹುಡುಕಿ ಕೊಟ್ಟೆ.