ಸಣ್ಣಯ್ಯನನ್ನು ನಡೆಸಿದ ಅಂಜಮ್ಮ

ಅತ್ತಿಗುಪ್ಪೆಯ ಅಂಜಮ್ಮನಿಗೆ ನಾಯಿಗಳೇನೂ ಹೊಸದಲ್ಲ. ಕಣ ಕಾಯುವ ನಾಯಿ, ಕುರಿಯ ಹಿಂದೆ ಹೋಗುವ ನಾಯಿ, ಯಾರದ್ದೂ ಅಲ್ಲದೆ ಊರೆಲ್ಲರ ಮನೆಯ ಮುದ್ದೆ ತಿಂದು ಬೆಳೆದ ನಾಯಿ, ಎಲ್ಲವನ್ನೂ ಕಂಡವಳು. ಆದರೆ ನಾಯಿಯನ್ನು ಸೋಫಾದ ಮೇಲೆ ಕೂರಿಸಿ, ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ತಿನ್ನಿಸುವುದನ್ನು ಅವಳು ಮೊದಲು ನೋಡಿದ್ದು ತನ್ನದೇ ಮಹಡಿಯ ಮೇಲೆ ಬಾಡಿಗೆಗಿದ್ದ ಸೀತಾಳ ಮನೆಯಲ್ಲಿ.

ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಸೀತಾಳ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. ಹೊರಡುವ ದಿನ ಸೀತಾ ಬಿಳೀ ಹತ್ತಿಯ ಉಂಡೆಯಂಥ ಪಾಮೇರಿಯನ್ ನಾಯಿಯನ್ನು ತಂದು ಅಂಜಮ್ಮನ ಮಡಿಲಲ್ಲಿಟ್ಟಳು.

"ಆಂಟಿ, ಅಲ್ಲಿನ ಬಿಸಿಲಿಗೆ ಇದು ಬದುಕಲ್ಲ. ನೀವೇ ಇಟ್ಕೊಳ್ಳಿ. ಹೆಸರು ಸನ್ನಿ."

ಅಂಜಮ್ಮನ ಬಾಯಲ್ಲಿ ಸನ್ನಿ ಎರಡೇ ದಿನಕ್ಕೆ ಸಣ್ಣಯ್ಯನಾದ. ಸೌದೆ ಡಿಪೋ ಮುಚ್ಚಿ ಊಟಕ್ಕೆ ಬಂದ ಗಂಡ ಮುನಿಯಣ್ಣ ಅದನ್ನು ಕೇಳಿ ಕೆಂಡವಾದ.

"ಅದು ನಮ್ಮ ತಾತನ ಹೆಸರು ಕಣೇ!"

"ಅದಕ್ಕೇನೀಗ? ನಿಮ್ಮ ತಾತನೂ ಕಂಡೋರ ಮೇಲೆಲ್ಲ ಹಿಂಗೇ ಎಗರಿ ಬೀಳ್ತಿದ್ರಂತಲ್ಲ."

ಎಗರಿ ಬೀಳುವುದರಲ್ಲಿ ಸಣ್ಣಯ್ಯ ನಿಜಕ್ಕೂ ಮುಂದಿದ್ದ. ಆಳೆತ್ತರವಿಲ್ಲ, ಮೊಳದುದ್ದವೂ ಇಲ್ಲ, ಆದರೆ ಬಾಯಿ ಮಾತ್ರ ಬೀದಿಗೆ ಕೇಳುವಷ್ಟು. ಮೊದಲ ವಾರದಲ್ಲೇ ದಿಂಬಿನ ಹೊಟ್ಟೆ ಬಗೆದು ಹತ್ತಿ ಹಾರಿಸಿದ. ಮುನಿಯಣ್ಣನ ಪಂಚೆಯ ಅಂಚನ್ನು ಜಾಲರಿ ಮಾಡಿದ. ಕರೆಂಟು ಮೀಟರು ನೋಡಲು ಬಂದ ಮನುಷ್ಯ ಕಾಂಪೌಂಡಿನ ಮೇಲೆ ಹತ್ತಿ ನಿಂತು, ಅಲ್ಲಿಂದಲೇ ಕತ್ತು ಚಾಚಿ ನಂಬರು ಬರೆದುಕೊಂಡು ಆಚೆ ಬದಿಗೆ ಹಾರಿಕೊಂಡ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಭಾನುವಾರದ ಬೆಳಿಗ್ಗೆ. ಆ ಅಡ್ಡರಸ್ತೆಗೆಲ್ಲ ಕಲರ್ ಟಿವಿ ಇದ್ದದ್ದು ಅಂಜಮ್ಮನ ಮನೆಯಲ್ಲಿ ಮಾತ್ರ. ದೇವರ ಕಥೆಯ ಧಾರಾವಾಹಿ ಶುರುವಾಗುವ ಹೊತ್ತಿಗೆ ನಡುಮನೆಯಲ್ಲಿ ಮೂವತ್ತು ಜನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ಸಣ್ಣಯ್ಯನಿಗೆ ದೇವರ ಮೇಲೆ ಅದೇನು ಕೋಪವೋ, ಕಿರೀಟ ತೊಟ್ಟವರು ಬಾಯಿ ತೆರೆದರೆ ಸಾಕು, ಟಿವಿಯ ಮುಂದೆ ನಿಂತು ಬೊಗಳಲು ಶುರು. ಕೋಣೆಯಲ್ಲಿ ಕೂಡಿ ಹಾಕಿದರೆ ಬಾಗಿಲು ಕೆರೆದುಕೊಂಡು ಊಳಿಡುತ್ತಿದ್ದ.

"ಅಂಜಮ್ಮಕ್ಕಾ, ವರ ಕೊಟ್ರೋ ಶಾಪ ಕೊಟ್ರೋ ಒಂದೂ ಗೊತ್ತಾಗ್ಲಿಲ್ಲ ಕಣಕ್ಕಾ," ಎಂದು ಎದುರುಮನೆಯ ಚಿಕ್ಕಲಕ್ಷ್ಮಮ್ಮ ಎದ್ದು ಸೆರಗು ಕೊಡವಿದಳು. "ಮುಂದಿನ ವಾರದಿಂದ ನಾನು ವಿಜಯನಗರದಲ್ಲಿ ನಮ್ಮ ನಾದಿನಿ ಮನೇಗೆ ಹೋಗ್ತೀನಿ."

ಆ ಮಾತು ಅಂಜಮ್ಮನಿಗೆ ನಾಟಿತು. ಮನೆ ತುಂಬ ಜನ ಕೂತಿರಬೇಕು, ತಾನು ಎಲ್ಲರಿಗೂ ಕಾಫಿ ಕೊಡಬೇಕು, ಅದೇ ಅವಳ ವಾರದ ಹಬ್ಬ. "ಬೆಣ್ಣೆ ಹಾಕಿ ಸಾಕಿದ್ರೆ ಹಿಂಗಾ ಮಾಡೋದು ನೀನು?" ಎಂದು ಸಣ್ಣಯ್ಯನ ಕಿವಿ ಹಿಂಡಿದಳು. ಅವನು ಅವಳ ಬಳೆಯನ್ನೇ ಕಚ್ಚಿ ಎಳೆದ.

ಮಾರನೆಯ ಬೆಳಿಗ್ಗೆ ಹಾಲಿನವನಿಗೆಂದು ಗೇಟು ತೆಗೆದದ್ದೇ ನೆಪ, ಸಣ್ಣಯ್ಯ ಮುನಿಯಣ್ಣನ ಹವಾಯಿ ಚಪ್ಪಲಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬೀದಿಗಿಳಿದ. ಅಂಜಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಿಂದೆ ಬಿದ್ದಳು. ಅವಳು ಓಡಿದರೆ ಅವನು ಓಡುವ, ನಿಂತರೆ ನಿಂತು ತಿರುಗಿ ನೋಡುವ. ಹಳೇ ಊರು ದಾಟಿತು, ಹೊಸ ಬಡಾವಣೆ ಬಂತು. ಕಲ್ಲು ನೆಟ್ಟ ಸೈಟುಗಳು, ಮರಳಿನ ಗುಡ್ಡೆಗಳು, ಅರ್ಧ ಎದ್ದ ಗೋಡೆಗಳು. ಒಂದು ಹೊಂಗೆಮರದ ಕೆಳಗೆ ಸಣ್ಣಯ್ಯ ಚಪ್ಪಲಿ ಬಿಟ್ಟು, ನಾಲಗೆ ಇಳಿಬಿಟ್ಟು ಕುಳಿತ. ಅಂಜಮ್ಮನೂ ಏದುಸಿರು ಬಿಡುತ್ತ ಅವನ ಪಕ್ಕದಲ್ಲೇ ಕುಕ್ಕರಿಸಿದಳು.

ಕೂತ ಮೇಲೆ ಸುತ್ತ ನೋಡಿದಳು. ಮರದ ಗುರುತು ಸಿಕ್ಕಿತು. ಇದು ಅವರದೇ ಹೊಲದ ಬದುವಿನ ಮರ. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ದಿನಾ ಬುತ್ತಿ ಹೊತ್ತು ಬಂದು ಇಳಿಸುತ್ತಿದ್ದ ಜಾಗ. ಜಮೀನು ಬಡಾವಣೆಗೆ ಹೋದ ಮೇಲೆ ಈ ಕಡೆ ಕಾಲಿಟ್ಟೇ ಇರಲಿಲ್ಲ. ಬರಲು ಕೆಲಸವೇನಿತ್ತು?

ಹಿಂದಿರುಗುವಾಗ ಸೀರೆಯ ಸೆರಗನ್ನೇ ಅವನ ಕತ್ತಿನ ಬೆಲ್ಟಿಗೆ ಗಂಟು ಹಾಕಿ ನಡೆಸಿಕೊಂಡು ಬಂದಳು. ಮನೆ ಸೇರಿದ ಸಣ್ಣಯ್ಯ ಒಂದು ಬಟ್ಟಲು ನೀರು ಕುಡಿದು ಮಲಗಿದವನು ಮಧ್ಯಾಹ್ನ ಮೂರರವರೆಗೆ ಏಳಲಿಲ್ಲ. ಪೋಸ್ಟ್‌ಮ್ಯಾನ್ ಬಂದರೆ ಒಂದು ಕಣ್ಣು ತೆರೆದು ಮುಚ್ಚಿದ.

ಮುನಿಯಣ್ಣ ಗಾಬರಿಯಾದ. "ಏನೇ, ನಾಯಿಗೆ ಹುಷಾರಿಲ್ವಾ?"

ಅಂಜಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. "ನಮ್ಮ ಕೆಂದೆತ್ತು ನೆನಪೈತಾ? ಮಳೇಲಿ ನಾಲ್ಕು ದಿನ ಕೊಟ್ಟಿಗೇಲೇ ಕಟ್ಟಿದ್ರೆ ಗೊಂತು ಕಿತ್ತು, ಗೋಡೆ ತಿವಿದು ರಂಪ ಮಾಡ್ತಿರಲಿಲ್ವಾ? ಐದನೇ ದಿನ ಹೊಲಕ್ಕೆ ಹೊಡ್ಕೊಂಡು ಹೋದ್ರೆ ಮಗುವಿನಂಗೆ ಬರ್ತಿತ್ತು. ಇದಕ್ಕೂ ಅದೇ ಆಗಿರೋದು. ಆ ಸೀತಮ್ಮ ಪಾಪ ಇದನ್ನ ಮಹಡಿ ಇಳಿಸ್ತಾನೇ ಇರಲಿಲ್ಲ."

ಅಂದಿನಿಂದ ಅಂಜಮ್ಮ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹೊರಟಳು. ಕೈಯಲ್ಲಿ ಹಸುವಿನ ಹಳೇ ಹಗ್ಗ, ಹಗ್ಗದ ತುದಿಯಲ್ಲಿ ಸಣ್ಣಯ್ಯ. ಹಸು ಕಟ್ಟುವ ಹಗ್ಗದಲ್ಲಿ ಮೊಲದಷ್ಟು ನಾಯಿಯನ್ನು ಕಂಡು ಬೀದಿ ಬಿದ್ದು ಬಿದ್ದು ನಕ್ಕಿತು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹುಡುಗರು, "ಆಂಟಿ, ಯಾರು ಯಾರನ್ನ ಕರ್ಕೊಂಡು ಹೋಗ್ತಾ ಇರೋದು?" ಎಂದರು. ಮೊದಲೆರಡು ದಿನ ಅಂಜಮ್ಮ ತಲೆ ತಗ್ಗಿಸಿ, ನಾಯಿಯ ಪರಿಚಯವೇ ಇಲ್ಲದವಳಂತೆ ನಡೆದಳು. ಮೂರನೆಯ ದಿನ ಬಾಯಿ ಬಿಟ್ಟಳು. "ನೀವೂ ಬನ್ರೋ, ಇನ್ನೊಂದು ಹಗ್ಗ ಐತೆ ಮನೇಲಿ!"

ಹದಿನೈದು ದಿನಕ್ಕೆ ಸಣ್ಣಯ್ಯ ಬೇರೆಯೇ ಪ್ರಾಣಿಯಾಗಿದ್ದ. ದಿಂಬಿನ ತಂಟೆಗೆ ಹೋಗುತ್ತಿರಲಿಲ್ಲ. ಭಾನುವಾರ ಅಂಜಮ್ಮ ಒಂದು ಸುತ್ತು ಹೆಚ್ಚಾಗಿಯೇ ನಡೆಸಿ ತಂದಳು. ಧಾರಾವಾಹಿ ಶುರುವಾದಾಗ ಅವನು ಮುನಿಯಣ್ಣನ ಪಾದದ ಮೇಲೆ ಗದ್ದ ಇಟ್ಟು ಗೊರಕೆ ಹೊಡೆಯುತ್ತಿದ್ದ. ನಾದಿನಿಯ ಮನೆಯ ಟಿವಿಯಲ್ಲಿ ಬರೀ ಚುಕ್ಕಿ ಬರುತ್ತದೆಂದು ಹೇಳಿಕೊಂಡು ಚಿಕ್ಕಲಕ್ಷ್ಮಮ್ಮ ಕಾಫಿಯ ಹೊತ್ತಿಗೆ ಸರಿಯಾಗಿ ಒಳಬಂದು ಗೋಡೆಗೊರಗಿದಳು.

ಬದಲಾಗಿದ್ದು ನಾಯಿಯೊಂದೇ ಅಲ್ಲವೆಂಬ ಗುಮಾನಿ ಮುನಿಯಣ್ಣನಿಗಿತ್ತು. ಹೆಂಡತಿ ಈಗ ಮಂಡಿ ನೋವೆನ್ನುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೆಂದರೂ ಪಾತ್ರೆ ಕುಕ್ಕುತ್ತಿರಲಿಲ್ಲ. ಊಟಕ್ಕೆ ಕೂತಾಗ, "ನಮ್ಮ ಬಾವಿ ಇದ್ದ ಕಡೆ ಯಾರೋ ನರ್ಸಮ್ಮ ಮನೆ ಕಟ್ಟಿಸ್ತಾವ್ರೆ, ಒಳ್ಳೇ ಹೆಂಗಸು, ಮಜ್ಜಿಗೆ ಕೊಟ್ಲು," ಎಂದು ದಿನಕ್ಕೊಂದು ಸುದ್ದಿ ತರುತ್ತಿದ್ದಳು. ಅವನು ಒಮ್ಮೆ ಧೈರ್ಯ ಮಾಡಿ, "ನಾಯಿಗಿಂತ ನಿನಗೇ ಜಾಸ್ತಿ ಗುಣ ಆಯ್ತು ನೋಡು," ಎಂದುಬಿಟ್ಟ. ಅಂಜಮ್ಮ ಸೌಟು ಎತ್ತಿದಳು, ಆದರೆ ನಗು ತಡೆಯಲಾಗದೆ ಕೆಳಗಿಟ್ಟಳು.

ಮುಂಗಾರು ಬಿರುಸಾಗಿ ಹಿಡಿದದ್ದು ಆಷಾಢದಲ್ಲಿ. ಮೂರು ದಿನ ಹೊರಗೆ ಕಾಲಿಡಲಾಗಲಿಲ್ಲ. ಮೊದಲ ದಿನ ಸಣ್ಣಯ್ಯ ಕಿಟಕಿಯಲ್ಲಿ ಕುಳಿತು ಮಳೆಯನ್ನು ಬೈದ. ಎರಡನೆಯ ದಿನ ಕ್ಯಾಲೆಂಡರಿನಿಂದ ಇಡೀ ಆಗಸ್ಟ್ ತಿಂಗಳನ್ನು ಕಿತ್ತು ತಿಂದ. ಮೂರನೆಯ ದಿನ ಚಿಕ್ಕಲಕ್ಷ್ಮಮ್ಮನ ಕೊಡೆಗೆ ಬಾಯಿ ಹಾಕಿದ. ಅದೇ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಮುನಿಯಣ್ಣನಿಗೆ ಕೇಳಿಸಿತು.

ಅವನು ಎದ್ದು ಹೊರಟ. ಡಿಪೋದಿಂದ ಗೊಬ್ಬರದ ಎರಡು ಪ್ಲಾಸ್ಟಿಕ್ ಚೀಲ ತಂದ. ಒಂದನ್ನು ಮಡಚಿ ಹೆಂಡತಿಯ ತಲೆಗೆ ಗೊಪ್ಪೆ ಮಾಡಿದ. ಇನ್ನೊಂದನ್ನು ಕತ್ತರಿಸಿ, ಕಾಲು ತೂರಲು ತೂತು ಕೊರೆದು, ಸಣ್ಣಯ್ಯನ ಬೆನ್ನಿಗೆ ಸುತ್ತಿ ದಾರದಿಂದ ಬಿಗಿದ.

"ಹೋಗ್ಬನ್ನಿ ಇಬ್ರೂ. ಬೇಗ ಬರಬೇಡಿ."

ತನ್ನ ಮನೆಯ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಚಿಕ್ಕಲಕ್ಷ್ಮಮ್ಮ, "ಈ ಮಳೇಲಿ ಎಲ್ಗಕ್ಕಾ?" ಎಂದು ಕೂಗಿದಳು.

"ಹೊಲದ ಕಡೆ," ಎಂದಳು ಅಂಜಮ್ಮ. ಸಣ್ಣಯ್ಯ ಆಗಲೇ ಹಗ್ಗ ಜಗ್ಗುತ್ತಿದ್ದ.