ಮುನಿಕೆಂಪಮ್ಮನ ಸೀಮೆ ನೇರಳೆ

ಯಲಹಂಕದ ಮುನಿಕೆಂಪಮ್ಮ ಕೈಯಿಟ್ಟರೆ ಒಣಗಿದ ಗೂಟವೂ ಚಿಗುರುತ್ತಿತ್ತು. ಅವಳು ನೆಟ್ಟ ಗೂಟ ಚಿಗುರಿ, ಅದಕ್ಕೆ ಕಟ್ಟಿದ್ದ ಎಮ್ಮೆ ಅದನ್ನೇ ಮೇಯ್ದು, ಹಗ್ಗದ ಸಮೇತ ಹೆಬ್ಬಾಳದ ಕೆರೆಯಲ್ಲಿ ಈಜಿ ಬಂದದ್ದನ್ನು ಕಂಡವರಿದ್ದಾರೆ. ಅಂಥ ಕೈಯನ್ನೂ ವರ್ಷಗಟ್ಟಲೆ ಆಟವಾಡಿಸಿದ್ದು ಒಂದು ಗಿಡ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮುನಿಕೆಂಪಮ್ಮ ವಿಮಾನದಳದ ಕ್ವಾರ್ಟರ್ಸಿಗೆ ಹಾಲು ಹಾಕುತ್ತಿದ್ದಳು. ವಿದೇಶದಿಂದ ಮರಳಿದ್ದ ಆಫೀಸರೊಬ್ಬರ ಹೆಂಡತಿ ಒಂದು ಹಿಡಿ ಒಣಹಣ್ಣನ್ನು ಪೊಟ್ಟಣ ಕಟ್ಟಿ ಕೊಟ್ಟು, ಇದು ಬ್ಲೂಬೆರಿ ಅಂದರು. ಮುನಿಕೆಂಪಮ್ಮ ದಾರಿಯಲ್ಲೇ ಅದಕ್ಕೆ ಸೀಮೆ ನೇರಳೆ ಎಂದು ನಾಮಕರಣ ಮಾಡಿದಳು. ತವರಿಗೆ ಬಂದಿದ್ದ ಬಸುರಿ ಮಗಳು ಗಂಗರತ್ನಮ್ಮ ಅಷ್ಟನ್ನೂ ತಿಂದು ಇನ್ನೂ ಬೇಕೆಂದಳು. ಅಷ್ಟರಲ್ಲಿ ಆಫೀಸರಿಗೆ ವರ್ಗವಾಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ಊರೇ ನಂಬಿತ್ತು. ಮುನಿಕೆಂಪಮ್ಮ ಊರಿಗಿಂತ ಒಂದು ತೂಕ ಹೆಚ್ಚಾಗಿಯೇ ನಂಬಿದ್ದಳು.

ಪೊಟ್ಟಣಕ್ಕೆ ಅಂಟಿಕೊಂಡಿದ್ದ ಒಂದೇ ಒಂದು ಹಣ್ಣನ್ನು ನೀರಲ್ಲಿ ಹಿಸುಕಿದಳು. ಬೀಜವೋ, ನಶ್ಯದ ಪುಡಿ. ಗಂಡ ಸೊಣ್ಣಪ್ಪ ಬಗ್ಗಿ ನೋಡಿ ಸೀನಿದ. ಅರ್ಧದಷ್ಟು ಬೀಜಗಳು ಹಾರಿ ನಾಗಸಂದ್ರದಲ್ಲಿ ಇಳಿದವಂತೆ. ಉಳಿದದ್ದನ್ನು ಒಡಕು ಮಡಕೆಯ ಕೆಮ್ಮಣ್ಣು, ಎಲೆಗೊಬ್ಬರದ ಮೇಲೆ ಉದುರಿಸಿ, ಒದ್ದೆ ಗೋಣಿ ಹೊದಿಸಿದಳು.

ಮೊಳಕೆಗಿಂತ ಮೊದಲು ಮೊಮ್ಮಗನೇ ಬಂದ. ಮೊದಲ ಚಳಿಗೇ ಅವನ ಕಿವಿ ಸೋರಿತು. ಡಾಕ್ಟರು ಶೀತವೆಂದರು. ಮುನಿಕೆಂಪಮ್ಮ ಔಷಧಿ ಹಾಕಿದಳು, ನಂಬಿಕೆಯನ್ನು ಮಾತ್ರ ಮಡಕೆಯ ಮೇಲಿಟ್ಟಳು.

ಸಸಿ ಗೇಣುದ್ದವಾದಾಗ ನೋಡಲು ಜನ ಸಾಲುಗಟ್ಟಿದರು. ದೃಷ್ಟಿಯಾಗದಿರಲೆಂದು ಮಡಕೆಗೆ ಸುಣ್ಣದ ಬೊಟ್ಟಿಟ್ಟಳು. ಎಲೆ ಹಳದಿಯಾಯಿತು. ಯಾರದೋ ಕಣ್ಣು ಬಲವಾಗಿದೆಯೆಂದು ಮಡಕೆಗೆ ಪೂರ್ತಿ ಸುಣ್ಣ ಬಳಿದು, ಮಿಕ್ಕ ತಿಳಿಯನ್ನು ಬುಡಕ್ಕೂ ಸುರಿದಳು. ಗಿಡ ಕಾಮಾಲೆ ಹಿಡಿದಂತೆ ಮಲಗಿತು.

ಗೌರಿಹಬ್ಬಕ್ಕೆ ಹುಣಸೆಹಣ್ಣು ಹಾಕಿ ಹಿತ್ತಾಳೆ ಬೆಳಗುತ್ತಿದ್ದ ಗಂಗರತ್ನಮ್ಮ, ಬಚ್ಚಲಿನವರೆಗೆ ಹೋಗಲಾರದೆ ಆ ನೀರನ್ನು ಮಡಕೆಗೇ ಚೆಲ್ಲಿದಳು.

"ಗಿಡ ಸಾಯ್ತಾ ಬಿದ್ದೈತೆ, ಅದ್ರ ಬಾಯ್ಗೆ ಉಳಿ ಉಯ್ತೀಯೇನೇ?" ಎಂದಳು ತಾಯಿ.

"ಬಾಯಿ ಕೆಟ್ಟಿರ್ತದೆ ಕಣವ್ವ, ರುಚಿ ನೋಡ್ಲಿ ಬಿಡು."

ಕೆಲವೇ ದಿನಗಳಲ್ಲಿ ಹಸಿರು ಚಿಗುರು ಇಣುಕಿತು. ಮುನಿಕೆಂಪಮ್ಮ ಸುಣ್ಣ ಕೆರೆದು, ಗಿಡವನ್ನು ಹೊಸ ಮಡಕೆಗೆ ಹಾಕಿದಳು. ಅಂದಿನಿಂದ ದಿನವೂ ಹಬ್ಬ: ಹುಣಸೆ ಹಾಕಿ ಪಾತ್ರೆ ಬೆಳಗುವುದು, ಆ ನೀರನ್ನು ಗಿಡಕ್ಕೆ ಹೊಯ್ಯುವುದು. ಮನೆಯ ಪಾತ್ರೆ ಮುಗಿದ ಮೇಲೆ ಬೀದಿಯವರದು. ಹಿಂದಿನ ಮನೆಯ ಮುಸರ್ರತ್ ಮದುವೆ ಅಡುಗೆಯ ತಾಮ್ರದ ದೇಗಚಿಯನ್ನೇ ಉರುಳಿಸಿಕೊಂಡು ಬಂದು, ಗಿಡ ನೂರು ವರ್ಷ ಬಾಳಲೆಂದು ಹರಸಿ ಹೋದಳು. ಹಿತ್ತಲಿನ ಹೊಳಪಿಗೆ ಪೈಲಟ್ಟುಗಳು ಕಣ್ಣು ಕಿರಿದು ಮಾಡಿಕೊಂಡು ವಿಮಾನ ಇಳಿಸುತ್ತಿದ್ದರು.

ಮೊಮ್ಮಗ ಕೋಳಿ ಅಟ್ಟಿಸಿಕೊಂಡು ಓಡುವ ವಯಸ್ಸಿಗೆ ಗಿಡ ಹೂ ಬಿಟ್ಟು, ಒಂದೇ ಒಂದು ಹಣ್ಣು ನೀಲಿಗಟ್ಟಿತು. ಮುನಿಕೆಂಪಮ್ಮ ಗಂಡನ ಮನೆಯಿಂದ ಮಗಳನ್ನು ಮಗುವಿನ ಸಮೇತ ಕರೆಸಿ, ಮೂಡಣಕ್ಕೆ ಮುಖಮಾಡಿ ಕೂರಿಸಿ, ಹಣ್ಣನ್ನು ಅಂಗೈಯಲ್ಲಿಟ್ಟಳು. ಗಂಗರತ್ನಮ್ಮ ಅರ್ಧ ಕಚ್ಚಿದಳು. ಅವ್ವ ಈ ಹಣ್ಣಿನ ರುಚಿಯನ್ನೇ ಕಂಡಿಲ್ಲವೆಂದು ಹೊಳೆದು, ಉಳಿದರ್ಧವನ್ನು ಅವಳ ಬಾಯಿಗಿಟ್ಟಳು.

ಮುನಿಕೆಂಪಮ್ಮನ ಮುಖ ಹಿಂಡಿದ ನಿಂಬೆಯಂತಾಯಿತು.

"ಇದಕ್ಕೇನೇ ನಾನು ಊರ್ ಹಿತ್ತಾಳೆಯೆಲ್ಲಾ ತಿಕ್ಕಿದ್ದು?"

"ನಂಗೆ ಬಯಕೆ ತೀರ್ತು ಕಣವ್ವ," ಎಂದು ಮಗಳು ಬೆರಳು ನೆಕ್ಕಿದಳು.

ಮುನಿಕೆಂಪಮ್ಮ ಓಡುತ್ತಿದ್ದ ಮೊಮ್ಮಗನನ್ನು ಹಿಡಿದು, ಎರಡೂ ಕಿವಿ ಬಗ್ಗಿಸಿ ನೋಡಿ, ಬಿಟ್ಟಳು.